ಪಕ್ಕದ ಆಸನ ಯಾರಿಗಾಗಿ?

ಪ್ರಯಾಣವೆಂಬುದು ಕರಾವಳಿಯ ಕ್ರೈಸ್ತ ಕುಟುಂಬಗಳ ಬದುಕಿನಲ್ಲಿ ಹಾಸುಹೊಕ್ಕಾದ ಸಂಗತಿ. ಹೊಟ್ಟೆಪಾಡಿಗಾಗಿ ಮುಂಬಯಿಯ ಬಸ್ಸು ಹತ್ತಿದವರು, ಕೊಲ್ಲಿ ರಾಷ್ಟ್ರಗಳಿಗೆ ವಿಮಾನ ಏರಿದವರು, ಓದಿಗೋ ಉದ್ಯೋಗಕ್ಕೋ ಬೆಂಗಳೂರು ಸೇರಿದವರು ಇಲ್ಲದ ಮನೆ ನಮ್ಮಲ್ಲಿ ವಿರಳ. ಹೋದವರು ಮರಳಿ ಬರುವುದಕ್ಕೂ ನಿಗದಿಯಾದ ದಿನಗಳಿವೆ. ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ, ಕ್ರಿಸ್ಮಸ್, ಊರ ಇಗರ್ಜಿಯ ವಾರ್ಷಿಕ ಹಬ್ಬ, ತಂಗಿಯ ಮದುವೆಯ ರೋಸ್, ಇವಾವುದೂ ಇಲ್ಲವಾದರೆ ಮನೆಯ ಹಿರಿಯರ ಅಂತ್ಯಕ್ರಿಯೆ. ದೂರ ಎಷ್ಟೇ ಇರಲಿ, ಕರೆ ಬಂದರೆ ಹೊರಟು ಬರಬಹುದೆಂಬ ಧೈರ್ಯದ ಮೇಲೆಯೇ ನಮ್ಮ ಹಿರಿಯರು ಮಕ್ಕಳನ್ನು ದೂರ ಕಳುಹಿಸಿದರು.

ಆ ಧೈರ್ಯವನ್ನು ಒಂದೇ ವಾರದಲ್ಲಿ ಅಲುಗಿಸಿದ್ದು ಕೊರೋನಾ ಮಹಾಮಾರಿ. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಪಿಡುಗೆಂದು ಸಾರಿತು. ಅದೇ ತಿಂಗಳ 22, ತಪಸ್ಸುಕಾಲದ ನಾಲ್ಕನೆಯ ಭಾನುವಾರ, ದೇಶದಾದ್ಯಂತ ಜನತಾ ಕರ್ಫ್ಯೂ. ಅಂದು ರೈಲ್ವೆ ಇಲಾಖೆಯು ಪ್ರಯಾಣಿಕರ ರೈಲುಗಳನ್ನೆಲ್ಲ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. 1853ರಲ್ಲಿ ಮುಂಬಯಿ-ಠಾಣೆ ನಡುವೆ ಮೊದಲ ರೈಲು ಓಡಿದಂದಿನಿಂದ ಅಂಥದೊಂದು ದಿನ ಬಂದಿರಲಿಲ್ಲ. 25ರಿಂದ ದೇಶವೇ ಬಾಗಿಲು ಮುಚ್ಚಿತು. ವಿಮಾನಗಳು ನೆಲ ಹಿಡಿದವು, ಬಸ್ಸುಗಳು ಡಿಪೋ ಸೇರಿದವು. ಗರಿಗಳ ಭಾನುವಾರದಿಂದ ಈಸ್ಟರ್‌ವರೆಗಿನ ಪವಿತ್ರ ವಾರವನ್ನು ನಾವು ಮನೆಯೊಳಗೆ, ದೂರದರ್ಶನದ ಅಥವಾ ಮೊಬೈಲಿನ ಪರದೆಯ ಮುಂದೆ ಮೊಣಕಾಲೂರಿ ಕಳೆದೆವು.

ಆ ದಿನಗಳು ಕಳೆದು ವರ್ಷಗಳಾದವು. ರೈಲು ಓಡುತ್ತಿದೆ, ವಿಮಾನ ಹಾರುತ್ತಿದೆ, ಜಾತ್ರೆ-ಹಬ್ಬಗಳಲ್ಲಿ ಜನಸಾಗರ ಮತ್ತೆ ಸೇರುತ್ತಿದೆ. ಎಲ್ಲವೂ ಮೊದಲಿನಂತಾಯಿತೆಂದು ನಾವು ಸಮಾಧಾನಪಟ್ಟುಕೊಂಡಿದ್ದೇವೆ. ನಿಜಕ್ಕೂ ಮೊದಲಿನಂತಾಗಿದೆಯೆ? ನಮ್ಮ ಸಂಚಾರದ ರೀತಿಯಲ್ಲಿ, ಅದಕ್ಕಿಂತ ಮಿಗಿಲಾಗಿ ನಮ್ಮ ಮನೋಭಾವದಲ್ಲಿ, ಆ ಪಿಡುಗು ಬಿಟ್ಟುಹೋದ ಗುರುತುಗಳನ್ನು ಒಮ್ಮೆ ಪರಾಮರ್ಶಿಸುವುದು ಉಚಿತವೆಂದು ನಮ್ಮ ಭಾವನೆ.

ಬರಿದಾದ ಬೀದಿಯಲ್ಲಿ ಒಬ್ಬ ಯಾತ್ರಿಕ

2020ರ ಮಾರ್ಚ್ 15ರಂದು ರೋಮ್ ನಗರದಲ್ಲಿ ಕಂಡ ದೃಶ್ಯವೊಂದು ಅನೇಕರ ನೆನಪಿನಲ್ಲಿ ಉಳಿದಿದೆ. ಸದಾ ಜನರಿಂದ ಕಿಕ್ಕಿರಿಯುವ ವಿಯಾ ದೆಲ್ ಕೊರ್ಸೊ ಬೀದಿ ನಿರ್ಜನವಾಗಿತ್ತು. ದಿವಂಗತ ಪೋಪ್ ಫ್ರಾನ್ಸಿಸ್‌ರವರು ಆ ಬೀದಿಯಲ್ಲಿ ಸ್ವಲ್ಪ ದೂರ ಕಾಲ್ನಡಿಗೆಯಲ್ಲಿ ಸಾಗಿ, ಸಂತ ಮಾರ್ಚೆಲ್ಲೊ ದೇವಾಲಯದ ಪುರಾತನ ಶಿಲುಬೆಯ ಮುಂದೆ ಪ್ರಾರ್ಥಿಸಿದರು. 1522ರಲ್ಲಿ ಪ್ಲೇಗ್ ರೋಮನ್ನು ಕಾಡಿದಾಗ ಜನ ಅದೇ ಶಿಲುಬೆಯನ್ನು ಹೊತ್ತು ನಗರದ ಬೀದಿಬೀದಿಗಳಲ್ಲಿ ಮೆರವಣಿಗೆ ನಡೆಸಿದ್ದರು. ಅಂದು ಪಿಡುಗಿನ ನಡುವೆಯೂ ಜನ ಒಟ್ಟಾಗಿ ಬೀದಿಗಿಳಿದರು. ರೋಗವು ಸೋಂಕಿನಿಂದ ಹರಡುವ ಬಗೆಯನ್ನು ಅರಿತ ನಮ್ಮ ಕಾಲದಲ್ಲಿ ಜಗದ್ಗುರುಗಳು ಬೆರಳೆಣಿಕೆಯ ಜನರೊಂದಿಗೆ ನಡೆದು, ಎಲ್ಲರ ಪರವಾಗಿ ಆ ಯಾತ್ರೆಯನ್ನು ಪೂರೈಸಬೇಕಾಯಿತು. ಮಾರ್ಚ್ 27ರ ಸಂಜೆ ಮಳೆಯಲ್ಲಿ ನೆನೆಯುತ್ತಿದ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ಅವರು ವಿಶ್ವವನ್ನು ಆಶೀರ್ವದಿಸಿದಾಗಲೂ ಅದೇ ಶಿಲುಬೆ ಅಲ್ಲಿತ್ತು.

ಫ್ರಾನ್ಸಿನ ಲೂರ್ದ್ ಪುಣ್ಯಕ್ಷೇತ್ರವು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಆ ಮಾರ್ಚ್ ತಿಂಗಳಲ್ಲಿ ಬಾಗಿಲು ಮುಚ್ಚಿತು. ರೋಗಿಗಳು ಗುಣವನ್ನು ಬೇಡಿ ಬರುವ ಸ್ಥಳವೇ ರೋಗದ ಕಾರಣದಿಂದ ಮುಚ್ಚಲ್ಪಟ್ಟಿತು. ಜುಲೈ 16ರಂದು ಅಂತರಜಾಲದ ಮೂಲಕ ವಿಶ್ವಯಾತ್ರೆಯೊಂದನ್ನು ಅಲ್ಲಿ ಏರ್ಪಡಿಸಲಾಯಿತು. ವೇಳಾಂಗಣಿಯ ಆ ವರ್ಷದ ಹಬ್ಬವೂ ಹೊರಗಿನ ಯಾತ್ರಿಕರಿಲ್ಲದೆ ನಡೆಯಿತು. ಕಾಲು ಸವೆಸದೆ, ಟಿಕೆಟು ಪಡೆಯದೆ, ಕುಳಿತಲ್ಲೇ ಯಾತ್ರೆ ಮಾಡಬಹುದೆಂಬ ಹೊಸ ಅಭ್ಯಾಸ ನಮಗೆ ಹೀಗೆ ಪರಿಚಯವಾಯಿತು.

ಬರಲಾಗದವರು, ಹೋಗಲಾಗದವರು

ಕೊಲ್ಲಿಯಲ್ಲಿದ್ದವರ ಪಾಡು ಇನ್ನೊಂದು ಬಗೆಯದು. ಕೆಲಸ ಹೋಯಿತು, ವೀಸಾದ ಅವಧಿ ಮುಗಿಯುತ್ತ ಬಂತು, ವಿಮಾನವಿಲ್ಲ. ಕೇಂದ್ರ ಸರಕಾರದ 'ವಂದೇ ಭಾರತ್' ಕಾರ್ಯಾಚರಣೆ 2020ರ ಮೇ 7ರಂದು ಆರಂಭವಾಗಿ, ದುಬೈಯಿಂದ ಮೊದಲ ವಿಮಾನ ಮಂಗಳೂರಿಗೆ ಬಂದಿಳಿದದ್ದು ಮೇ 12ರಂದು. ಬಂದವರು ನೇರ ಮನೆಗೆ ಹೋಗುವಂತಿರಲಿಲ್ಲ, ಪ್ರತ್ಯೇಕವಾಸ ಮುಗಿಸಬೇಕಿತ್ತು. ಶವಸಂಸ್ಕಾರಕ್ಕೆ ಇಪ್ಪತ್ತು ಮಂದಿಗಿಂತ ಹೆಚ್ಚು ಸೇರಬಾರದೆಂಬ ನಿಯಮವಿದ್ದ ಆ ದಿನಗಳಲ್ಲಿ ಎಷ್ಟೋ ಮಕ್ಕಳು ತಂದೆತಾಯಿಯ ಅಂತ್ಯಕ್ರಿಯೆಯನ್ನು ಕಿರುಪರದೆಯಲ್ಲಿ ಕಂಡು ಕಣ್ಣೀರಿಟ್ಟರು. ನಿಗದಿತ ಅಂತಾರಾಷ್ಟ್ರೀಯ ವಿಮಾನಗಳು ಪೂರ್ಣವಾಗಿ ಪುನರಾರಂಭಗೊಂಡದ್ದು 2022ರ ಮಾರ್ಚ್ 27ರಂದು, ಅಂದರೆ ಎರಡು ವರ್ಷಗಳ ಬಳಿಕ.

ದೂರದ ಮಾತು ಹಾಗಿರಲಿ, ಹತ್ತಿರದ ದಾರಿಯೂ ಮುಚ್ಚಿತು. ಕಾಸರಗೋಡು ಜಿಲ್ಲೆಯ ಜನ ಚಿಕಿತ್ಸೆಗಾಗಿ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದವರು. ಆ ಜಿಲ್ಲೆಯ ಬೇಳ, ಮಂಜೇಶ್ವರ ಮೊದಲಾದ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯಕ್ಕೇ ಸೇರಿದವು. ಸೋಂಕಿನ ಭಯದಿಂದ ತಲಪಾಡಿಯ ಗಡಿಯನ್ನು ಮುಚ್ಚಿದಾಗ ರೋಗಿಗಳನ್ನು ಹೊತ್ತ ವಾಹನಗಳೂ ಅಲ್ಲಿಂದ ಹಿಂದಿರುಗಿದವು. ಸಕಾಲದಲ್ಲಿ ಚಿಕಿತ್ಸೆ ಸಿಗದೆ ಹಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯ ಮಧ್ಯಪ್ರವೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಆ ಬಳಿಕ ರೋಗಿಗಳಿಗೆ ಷರತ್ತಿನ ಮೇಲೆ ದಾರಿ ಬಿಡಲಾಯಿತು. ಗಡಿಯ ಈಚೆ ಇದ್ದ ನಮ್ಮಲ್ಲಿ ಎಷ್ಟು ಮಂದಿ ಆಗ ಆಚೆಯವರ ಪರವಾಗಿ ದನಿಯೆತ್ತಿದೆವು ಎಂಬುದನ್ನು ಎದೆ ಮುಟ್ಟಿಕೊಂಡು ಕೇಳಿಕೊಳ್ಳಬೇಕು.

ಇನ್ನು ವಲಸೆ ಕಾರ್ಮಿಕರು. ರೈಲು-ಬಸ್ಸುಗಳಿಲ್ಲದೆ ಲಕ್ಷಾಂತರ ಮಂದಿ ನೂರಾರು ಮೈಲಿ ನಡೆದರು. ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಬಳಿ, ರೈಲು ಓಡುವುದಿಲ್ಲವೆಂದು ನಂಬಿ ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರು ಗೂಡ್ಸ್ ರೈಲಿಗೆ ಸಿಕ್ಕಿ ಮಡಿದರು. ಮೇ 1ರಿಂದ ಆರಂಭವಾಗಿದ್ದ ಶ್ರಮಿಕ್ ರೈಲುಗಳು ಒಟ್ಟಾರೆ 4,600ಕ್ಕೂ ಹೆಚ್ಚು ಬಾರಿ ಸಂಚರಿಸಿ 63 ಲಕ್ಷಕ್ಕೂ ಮಿಕ್ಕಿ ಜನರನ್ನು ಊರು ಮುಟ್ಟಿಸಿದವು. ಸಂಚಾರ ಸೌಲಭ್ಯವೆಂಬುದು ಅನುಕೂಲದ ಮಾತಷ್ಟೇ ಅಲ್ಲ, ಬಡವನ ಪಾಲಿಗೆ ಅದು ಜೀವದ ಮಾತು ಎಂಬ ಪಾಠವನ್ನು ಈ ಅಂಕಿಗಳು ನಮಗೆ ಕಲಿಸಬೇಕು.

ಎರಡನೆಯ ಅಲೆಯ ಹೊತ್ತಿಗೆ ಜನರಿಗಿಂತ ಉಸಿರನ್ನು ಸಾಗಿಸುವುದೇ ದೊಡ್ಡ ಕೆಲಸವಾಯಿತು. 2021ರ ಏಪ್ರಿಲ್‌ನಿಂದ ಆಮ್ಲಜನಕದ ಟ್ಯಾಂಕರುಗಳನ್ನು ಹೊತ್ತ ರೈಲುಗಳು ಓಡಿದವು. ಮೇ 5ರಂದು ನೌಕಾಪಡೆಯ 'ತಲ್ವಾರ್' ಹಡಗು ಬಹರೈನ್‌ನಿಂದ ದ್ರವ ಆಮ್ಲಜನಕ ಹೊತ್ತು ನವಮಂಗಳೂರು ಬಂದರಿಗೆ ಬಂತು. ನಮ್ಮವರು ದುಡಿಯಲು ಹೋದ ನಾಡಿನಿಂದಲೇ ನಮ್ಮ ನಾಡಿಗೆ ಉಸಿರು ಬಂದದ್ದನ್ನು ಮರೆಯಲಾಗದು.

ಬದಲಾದ ರೂಢಿ

2020ರ ಮೇ 19ರಂದು ರಾಜ್ಯದಲ್ಲಿ ಬಸ್ಸುಗಳು ಮತ್ತೆ ರಸ್ತೆಗಿಳಿದಾಗ ಒಂದು ಬಸ್ಸಿಗೆ ಮೂವತ್ತೇ ಪ್ರಯಾಣಿಕರು. ಒಂದು ಬಿಟ್ಟು ಒಂದು ಆಸನದಲ್ಲಿ ಕುಳಿತುಕೊಳ್ಳಬಾರದೆಂಬ ಗುರುತು. ಇಗರ್ಜಿಗಳು ತೆರೆದಾಗ ಬೆಂಚುಗಳ ಮೇಲೂ ಅದೇ ಗುರುತು. ಪಕ್ಕದಲ್ಲಿ ಕುಳಿತವನಿಂದ ಅಪಾಯವಿದೆಯೆಂಬ ಅಳುಕು ಆಗ ವಿವೇಕವೇ ಆಗಿತ್ತು. ಆದರೆ ವಿವೇಕವಾಗಿ ಬಂದದ್ದು ಬರಬರುತ್ತ ಅಭ್ಯಾಸವಾಗಿ ನೆಲೆಸಿತು.

ಅನುಕೂಲ ಇದ್ದವರು ಕಾರು ಕೊಂಡರು, ಸ್ವಲ್ಪ ಕಡಿಮೆ ಇದ್ದವರು ಸ್ಕೂಟರು ಕೊಂಡರು, ಕೊಳ್ಳಲಾಗದವರು ರಸ್ತೆಬದಿಯಲ್ಲಿ ಬಸ್ಸಿಗಾಗಿ ಕಾದರು. ಬಸ್ಸು ಮಾತ್ರ ಮೊದಲಿನಷ್ಟು ಬರಲಿಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಸಂಚಾರ ಬಹುಮಟ್ಟಿಗೆ ಖಾಸಗಿ ಬಸ್ಸುಗಳನ್ನು ಅವಲಂಬಿಸಿದೆ. ಓಟವಿಲ್ಲದ ತಿಂಗಳುಗಳಲ್ಲಿ ತೆರಿಗೆ ಕಟ್ಟಲಾಗದೆ ಅನೇಕ ಮಾಲಕರು ಪರವಾನಗಿಯನ್ನು ಸಾರಿಗೆ ಕಚೇರಿಗೆ ಒಪ್ಪಿಸಿದ್ದರು. ಡೀಸೆಲ್ ಬೆಲೆ ಏರಿತು, ಜನ ಕಡಿಮೆಯಾದರು. ಹಳ್ಳಿಯ ಒಳದಾರಿಗಳಲ್ಲಿ ಕೆಲವು ಟ್ರಿಪ್ಪುಗಳು ನಿಂತವು ನಿಂತೇ ಹೋದವು. ಜನರಿಲ್ಲವೆಂದು ಬಸ್ಸಿಲ್ಲ, ಬಸ್ಸಿಲ್ಲವೆಂದು ಜನ ಸ್ವಂತ ವಾಹನ ಹಿಡಿಯುತ್ತಾರೆ. ಈ ವಿಷವರ್ತುಲದ ನಡುವೆ ಸಿಕ್ಕಿಕೊಂಡವರು ವಾಹನ ನಡೆಸಲಾಗದ ವೃದ್ಧರು, ವಿಧವೆಯರು, ಶಾಲಾ ಮಕ್ಕಳು. 2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆ ರಾಜ್ಯದ ಮಹಿಳೆಯರನ್ನು ಮತ್ತೆ ಬಸ್ಸಿಗೆ ಕರೆತಂದಿತು. ಆದರೆ ಅದರ ಲಾಭ ಸರಕಾರಿ ಬಸ್ಸು ಓಡುವ ದಾರಿಗಳಿಗಷ್ಟೇ ಸೀಮಿತ. ಖಾಸಗಿ ಬಸ್ಸೇ ಗತಿಯಾದ ನಮ್ಮ ಹಳ್ಳಿಗಳ ತಾಯಂದಿರಿಗೆ ಅದು ದಕ್ಕಿದ್ದು ಅಲ್ಪ.

ರೈಲಿನ ಕತೆಯೂ ಹೀಗೆಯೇ. ಅರವತ್ತು ದಾಟಿದ ಪುರುಷರಿಗೆ ಶೇಕಡಾ 40, ಐವತ್ತೆಂಟು ದಾಟಿದ ಮಹಿಳೆಯರಿಗೆ ಶೇಕಡಾ 50ರಷ್ಟು ದೊರೆಯುತ್ತಿದ್ದ ರಿಯಾಯಿತಿಯನ್ನು 2020ರ ಮಾರ್ಚ್ 20ರಿಂದ ನಿಲ್ಲಿಸಲಾಯಿತು. ವೃದ್ಧರು ಅನಗತ್ಯವಾಗಿ ಓಡಾಡದಿರಲೆಂಬುದು ಅಂದಿನ ಕಾರಣ. ರೋಗ ಹಿಂದೆ ಸರಿದು ವರ್ಷಗಳು ಉರುಳಿದರೂ ರಿಯಾಯಿತಿ ಮರಳಲಿಲ್ಲ. ಪ್ಯಾಸೆಂಜರ್ ರೈಲುಗಳ ಹತ್ತು ರೂಪಾಯಿಯ ಕನಿಷ್ಠ ದರವು ಆ ಕಾಲದಲ್ಲಿ ಮೂವತ್ತಕ್ಕೇರಿ, ಹಳೆಯ ಮಟ್ಟಕ್ಕೆ ಇಳಿದದ್ದು 2024ರಲ್ಲಿ. ಇದೇ ಅವಧಿಯಲ್ಲಿ ಘಟ್ಟದ ಸೊಬಗನ್ನು ನೋಡಲು ಗಾಜಿನ ಚಾವಣಿಯ ಬೋಗಿಗಳು 2021ರ ಜುಲೈಯಲ್ಲಿ ಮಂಗಳೂರು-ಬೆಂಗಳೂರು ಹಾದಿಗೆ ಬಂದವು. 2023ರ ಡಿಸೆಂಬರಿನಲ್ಲಿ ಮಂಗಳೂರಿನಿಂದ ಮಡಗಾಂವಿಗೆ ವಂದೇ ಭಾರತ್ ರೈಲು ಹೊರಟಿತು. ಇವು ಬರಬಾರದಿತ್ತೆಂದು ನಾವು ಹೇಳುವುದಿಲ್ಲ. ಹಣ ತೆರಬಲ್ಲವನ ಪ್ರಯಾಣ ಸುಖಕರವಾದಷ್ಟೇ ಹಣವಿಲ್ಲದವನ ಪ್ರಯಾಣ ಸುಲಭವಾಯಿತೆ ಎಂಬುದು ನಮ್ಮ ಪ್ರಶ್ನೆ.

ಪೂಜೆಗೆ ಬಾರದ ಅಜ್ಜಿ

ಈ ಬದಲಾವಣೆಯ ಫಲವನ್ನು ಕಾಣಲು ದೂರ ಹೋಗಬೇಕಿಲ್ಲ. ಭಾನುವಾರ ಬೆಳಗ್ಗೆ ನಮ್ಮ ಯಾವುದೇ ಇಗರ್ಜಿಯ ಅಂಗಳವನ್ನು ನೋಡಿದರೆ ಸಾಕು. ಕಾರು ನಿಲ್ಲಿಸಲು ಸ್ಥಳವಿರುವುದಿಲ್ಲ. ಐದು ಮಂದಿ ಕುಳಿತುಕೊಳ್ಳಬಹುದಾದ ಕಾರಿನಿಂದ ಇಬ್ಬರು ಇಳಿಯುತ್ತಾರೆ. ಹಿಂದೆ ಬಸ್ಸಿನಲ್ಲೋ, ನಾಲ್ಕಾರು ಮನೆಯವರು ಸೇರಿ ಗದ್ದೆಯ ಹುಣಿಯ ಮೇಲೆ ನಡೆದೋ ಬರುತ್ತಿದ್ದಾಗ ದಾರಿಯುದ್ದಕ್ಕೂ ಸುಖದುಃಖದ ಮಾತು ಸಾಗುತ್ತಿತ್ತು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನಿಗೆ ಕೆಲಸವಿಲ್ಲ ಎಂಬುದೆಲ್ಲ ಇಗರ್ಜಿ ತಲಪುವ ಮೊದಲೇ ತಿಳಿದಿರುತ್ತಿತ್ತು. ಈಗ ಕಾರಿನ ಗಾಜು ಏರಿಸಿರುತ್ತೇವೆ. ಆ ದಾರಿಯ ಬದಿಯ ಮನೆಯ ಅಜ್ಜಿ, ಬಸ್ಸು ನಿಂತಂದಿನಿಂದ, ಮೊಬೈಲಿನಲ್ಲಿ ಪೂಜೆ ನೋಡುತ್ತಾಳೆ.

ನೇರ ಪ್ರಸಾರದ ಪೂಜೆ ರೋಗಿಗಳಿಗೂ ಹಾಸಿಗೆ ಹಿಡಿದವರಿಗೂ ದೊಡ್ಡ ಸಾಂತ್ವನವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಸಮುದಾಯವಾಗಿ ಸೇರಿ ಅರ್ಪಿಸುವ ಬಲಿಪೂಜೆಗೆ ಬದಲಿಯಾಗದೆಂದು ವ್ಯಾಟಿಕನ್ನಿನ ದೈವಾರಾಧನಾ ವಿಭಾಗದ ಅಂದಿನ ಮುಖ್ಯಸ್ಥರಾದ ಕಾರ್ಡಿನಲ್ ರಾಬರ್ಟ್ ಸಾರಾರವರು 2020ರಲ್ಲೇ ಧರ್ಮಾಧ್ಯಕ್ಷರುಗಳಿಗೆ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿದ್ದರು. ಅಜ್ಜಿಗೆ ಈ ಮಾತು ತಿಳಿಯದ್ದೇನಲ್ಲ. ಪರಮಪ್ರಸಾದಕ್ಕಾಗಿ ಆಕೆ ಹಾತೊರೆಯುತ್ತಾಳೆ. ಆಕೆಗೆ ಕೊರತೆಯಾಗಿರುವುದು ಭಕ್ತಿಯಲ್ಲ, ವಾಹನ. ಆ ವಾಹನ ಪ್ರತಿ ಭಾನುವಾರ ಆಕೆಯ ಮನೆಯ ಮುಂದೆಯೇ, ಹಿಂದಿನ ಆಸನ ಖಾಲಿ ಇರಿಸಿಕೊಂಡು, ಹಾದುಹೋಗುತ್ತದೆ.

ನಾವು ಮಾಡಬಹುದಾದದ್ದು

ಪರಿಹಾರ ದೊಡ್ಡ ಯೋಜನೆಯನ್ನೇನೂ ಬೇಡುವುದಿಲ್ಲ. ಪ್ರತಿಯೊಂದು ವಾಳೆಯ ಗುರಿಕಾರರು ತಮ್ಮ ವಠಾರದಲ್ಲಿ ವಾಹನವಿಲ್ಲದೆ ಪೂಜೆಗೆ ಬಾರದಿರುವವರು ಯಾರೆಂದು ಒಂದು ಪಟ್ಟಿ ಮಾಡಲಿ. ಅದೇ ವಠಾರದ ಕಾರಿನವರು ಸರದಿಯಂತೆ ಅವರನ್ನು ಕರೆತರಲಿ. ಭಾನುವಾರದ ಪೂಜೆಯಿಂದ ಆರಂಭವಾದದ್ದು ಆಸ್ಪತ್ರೆಗೆ, ಬ್ಯಾಂಕಿಗೆ, ಪಿಂಚಣಿಯ ಕಚೇರಿಗೆ ಹೋಗುವ ದಿನಗಳಿಗೂ ವಿಸ್ತರಿಸಲಿ. ಆ ನೆರವು ಜಾತಿಮತವನ್ನು ಕೇಳದಿರಲಿ. ನಿಂತ ಬಸ್ಸಿನ ಟ್ರಿಪ್ಪುಗಳಿಗಾಗಿ ಧರ್ಮಕೇಂದ್ರದ ಪಾಲನಾ ಪರಿಷತ್ತು ನೆರೆಯ ದೇವಸ್ಥಾನ, ಮಸೀದಿಗಳವರೊಂದಿಗೆ ಕೂಡಿ ಸಾರಿಗೆ ಅಧಿಕಾರಿಗಳಿಗೆ ಮನವಿ ಕೊಡಲಿ. ತಿಂಗಳಿಗೊಮ್ಮೆಯಾದರೂ ನಾವು ಮಕ್ಕಳೊಂದಿಗೆ ಬಸ್ಸಿನಲ್ಲಿ ಪ್ರಯಾಣಿಸೋಣ. ನಿಂತಿರುವ ಮುದುಕರಿಗೆ ಎದ್ದು ಜಾಗ ಕೊಡುವ ಪಾಠವನ್ನು ಮಕ್ಕಳು ಕಾರಿನಲ್ಲಿ ಕಲಿಯಲಾರರು.

ಪ್ರಭು ಯೇಸು ಹೇಳಿದ ಸದಯ ಸಮಾರಿಯನ ಸಾಮತಿ ದಾರಿಹೋಕರ ಕತೆ. ಗಾಯಗೊಂಡವನನ್ನು ಕಂಡೂ ದೂರದಿಂದ ಸರಿದುಹೋದವರಿಗೆ ಮೈಲಿಗೆಯ ಅಂಜಿಕೆ ಇದ್ದಿರಲೂಬಹುದು. ಸಮಾರಿಯನು ಆತನ ಗಾಯ ಕಟ್ಟಿ, ತನ್ನ ವಾಹನಪ್ರಾಣಿಯ ಮೇಲೆ ಆತನನ್ನು ಕುಳ್ಳಿರಿಸಿ ಛತ್ರಕ್ಕೆ ಕರೆದೊಯ್ದನು. ನೆರೆಯವನು ಯಾರೆಂಬ ಪ್ರಶ್ನೆಗೆ ಪ್ರಭುವಿನ ಉತ್ತರದಲ್ಲಿ ಒಂದು ವಾಹನವೂ ಇದೆಯೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಮಹಾಮಾರಿಯ ದಿನಗಳಲ್ಲಿ ಪಕ್ಕದ ಆಸನವನ್ನು ಖಾಲಿ ಬಿಟ್ಟದ್ದು ನೆರೆಯವನ ಮೇಲಿನ ಪ್ರೀತಿಯಿಂದ, ಆತನ ಪ್ರಾಣ ಉಳಿಯಲೆಂದು. ಇಂದು ಅದೇ ಪ್ರೀತಿ ಆ ಆಸನವನ್ನು ತುಂಬಿಸಲು ನಮ್ಮನ್ನು ಕರೆಯುತ್ತಿದೆ. ಬರುವ ಭಾನುವಾರ ಹೊರಡುವಾಗ ಐದು ನಿಮಿಷ ಬೇಗ ಹೊರಡೋಣ. ಅಜ್ಜಿಗೆ ಕೊಡೆ ಮತ್ತು ಜಪಸರ ತೆಗೆದುಕೊಳ್ಳಲು ಅಷ್ಟು ಸಮಯ ಬೇಕಾದೀತು.