‘ಪಾರ್ಲಾರ್’: ಸಾಮ್ಯದಿಂದ ಮಾತಿಗೆ

ಇಂಟರ್‌ಲಿಂಗ್ವಾ ಯಾವ ನಾಡಿನವರ ಮಾತೃಭಾಷೆಯೂ ಅಲ್ಲ. ಪಶ್ಚಿಮ ಯೂರೋಪಿನ ಭಾಷೆಗಳಿಗೆ ಸಮಾನವಾದ ಶಬ್ದಗಳನ್ನು ಆಯ್ದು ರೂಪಿಸಿದ ಈ ಅಂತರರಾಷ್ಟ್ರೀಯ ಭಾಷೆಯ ನಿಘಂಟು 1951ರಲ್ಲಿ ಅಲೆಕ್ಸಾಂಡರ್ ಗೋಡೆಯವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅದರಲ್ಲಿ ‘ಮಾತನಾಡು’ ಎಂಬ ಅರ್ಥವುಳ್ಳ ಕ್ರಿಯಾಪದ ‘ಪಾರ್ಲಾರ್’. ಸುವಾರ್ತೆಗಳನ್ನು ಓದುವ ನಮಗೆ ಇದರ ಮೂಲವು ಅಪರಿಚಿತವಲ್ಲ; ಅದು ನಾವು ‘ಸಾಮ್ಯ’ ಎಂದು ಕರೆಯುವ ಪದವೇ ಆಗಿದೆ.

ಗ್ರೀಕಿನಲ್ಲಿ ‘ಪಾರಾ’ ಎಂದರೆ ಪಕ್ಕದಲ್ಲಿ, ‘ಬಾಲ್ಲೇನ್’ ಎಂದರೆ ಎಸೆ ಅಥವಾ ಇಡು. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸುವುದೇ ‘ಪಾರಾಬೊಲೆ’. ಹಳೆಯ ಒಡಂಬಡಿಕೆಯನ್ನು ಗ್ರೀಕಿಗೆ ತಂದ ಸೆಪ್ಟುಅಜಿಂಟ್ ಅನುವಾದಕರು ಹೀಬ್ರೂವಿನ ‘ಮಾಶಾಲ್’ ಶಬ್ದಕ್ಕೆ ಇದನ್ನೇ ಬಳಸಿದರು. ಆದರೆ ‘ಮಾಶಾಲ್’ ಹೋಲಿಕೆ ಮಾತ್ರವಲ್ಲ. ಗಾದೆ, ಒಗಟು, ಗಂಭೀರ ನುಡಿ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಅರಣ್ಯಕಾಂಡ 23:7ರಲ್ಲಿ ಬಿಳಾಮನು ನುಡಿದದ್ದೂ ‘ಮಾಶಾಲ್’. ಈ ವಿಶಾಲಾರ್ಥವನ್ನು ಹೊತ್ತು ಪದವು ಲ್ಯಾಟಿನ್ ಸತ್ಯವೇದಕ್ಕೆ ‘ಪರಾಬೊಲಾ’ ಎಂದು ಬಂದಿತು. ಕ್ರೈಸ್ತರ ಬಳಕೆಯಲ್ಲಿ ಅದು ಕ್ರಮೇಣ ‘ನುಡಿ’, ‘ಮಾತು’ ಎಂದೇ ಅರ್ಥ ಕೊಡತೊಡಗಿತು. ಅದರಿಂದ ‘ಪರಾಬೊಲಾರೆ’ ಎಂಬ ಕ್ರಿಯಾಪದ ಹುಟ್ಟಿ, ಸವೆದು, ಇಟಾಲಿಯನ್ನಿನ ‘ಪಾರ್ಲಾರೆ’, ಫ್ರೆಂಚಿನ ‘ಪಾರ್ಲೇ’ ಆಯಿತು. ಫ್ರೆಂಚಿನ ಮೂಲಕವೇ ‘ಪಾರ್ಲಿಮೆಂಟ್’ ನಮ್ಮವರೆಗೂ ತಲಪಿದೆ.

ಮಾರ್ಕ 4:33ನ್ನು ಗಮನಿಸೋಣ. ಯೇಸುಸ್ವಾಮಿಯು ಜನರ ಗ್ರಹಣಶಕ್ತಿಗೆ ತಕ್ಕಂತೆ ಸಾಮ್ಯಗಳ ಮೂಲಕ ವಾಕ್ಯವನ್ನು ಹೇಳಿದನೆಂಬುದು ಅದರ ತಾತ್ಪರ್ಯ. ಲ್ಯಾಟಿನ್ ಪಾಠದಲ್ಲಿ ಇಲ್ಲಿ ಮೂರು ಪದಗಳಿವೆ: ಸಾಮ್ಯಕ್ಕೆ ‘ಪರಾಬೊಲಾ’, ಹೇಳುವುದಕ್ಕೆ ‘ಲೊಕ್ವಿ’, ವಾಕ್ಯಕ್ಕೆ ‘ವೆರ್ಬುಮ್’. ಮುಂದೆ ಜನರ ಆಡುನುಡಿಯಲ್ಲಿ ‘ಲೊಕ್ವಿ’ ಅಳಿಯಿತು. ‘ವೆರ್ಬುಮ್’ ಹಿಂದೆ ಸರಿಯಿತು. ಇಟಾಲಿಯನ್, ಫ್ರೆಂಚ್ ಭಾಷೆಗಳಲ್ಲಿ ಇವೆರಡರ ಸ್ಥಾನವನ್ನೂ ‘ಪರಾಬೊಲಾ’ದ ಸಂತತಿಯೇ ತುಂಬಿತು. ಯೋಹಾನನ ಸುವಾರ್ತೆಯ ಮೊದಲ ವಚನದಲ್ಲಿ ಕ್ರಿಸ್ತನಿಗೆ ಸಂದ ‘ವೆರ್ಬುಮ್’ ಪದವನ್ನು ಸಾಮಾನ್ಯ ಮಾತಿಗೆ ಬಳಸಲು ಭಕ್ತರು ಹಿಂಜರಿದರೆಂದು ಕೆಲವು ಭಾಷಾಶಾಸ್ತ್ರಜ್ಞರ ಊಹೆ.

ಇಲ್ಲಿ ಬೋಧಕರಾದ ನಮಗೆ ಒಂದು ಎಚ್ಚರಿಕೆ ಅಗತ್ಯ. ‘ಮಾತೆಲ್ಲವೂ ಸಾಮ್ಯವೇ’ ಎಂದು ಈ ವ್ಯುತ್ಪತ್ತಿಯಿಂದ ಸಾಧಿಸಿದರೆ ಪ್ರಸಂಗವು ರಮ್ಯವಾದೀತು, ಆದರೆ ಸತ್ಯವಾಗದು. ಫ್ರೆಂಚರು ಪೇಟೆಯಲ್ಲಿ ಬೆಲೆ ಕೇಳುವಾಗ ಸಾಮ್ಯವನ್ನು ನೆನೆಯುವುದಿಲ್ಲ. ಪದದ ಅರ್ಥವನ್ನು ಅದರ ಮೂಲವಲ್ಲ, ಅದು ಬಳಕೆಯಾಗುವ ಸಂದರ್ಭ ನಿರ್ಣಯಿಸುತ್ತದೆಂದು ಜೇಮ್ಸ್ ಬಾರ್ 1961ರಲ್ಲೇ ವಾದಿಸಿದರು. ಆದುದರಿಂದ ‘ಪಾರ್ಲಾರ್’ ನಮಗೆ ಸಿದ್ಧಾಂತವನ್ನು ಕೊಡುವುದಿಲ್ಲ; ಚರಿತ್ರೆಯೊಂದನ್ನು ತಿಳಿಸುತ್ತದೆ. ಸಭೆಯಲ್ಲಿ ತಲೆಮಾರುಗಳ ಕಾಲ ಓದಲ್ಪಟ್ಟ ಪದವು ಕೇಳುವವರ ನಾಲಿಗೆಯಲ್ಲಿ ನೆಲೆಸಿ, ಅವರ ದಿನನಿತ್ಯದ ಮಾತೇ ಆಯಿತು. ಕನ್ನಡದಲ್ಲಿ ವಾಕ್ಯವನ್ನು ಓದುವವರೂ ಅನುವಾದಿಸುವವರೂ ತಮ್ಮ ಪದಗಳನ್ನು ಎಷ್ಟು ಜಾಗ್ರತೆಯಿಂದ ಆರಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.