ಬೇಸರ, ಬೇಜಾರು, ಮುನಿಸು

ಹಿಂದೂಪುರ, ಕಲ್ಯಾಣದುರ್ಗಗಳ ಕಡೆ ಪಾಠ ಹೇಳುವ ನಮಗೆ ಮಕ್ಕಳ ಮಾತಿನಲ್ಲಿ ಕನ್ನಡ ತೆಲುಗುಗಳು ಬೆರೆತು ಬರುವುದು ಹೊಸದಲ್ಲ. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರದಲ್ಲಿಯೇ ಉಳಿಯಿತು. ಮಾತಿಗೆ ಅಂತಹ ಮೇರೆಯಿಲ್ಲ.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗನೊಬ್ಬನು ಪಾಠದ ನಡುವೆ ತಲೆ ತಗ್ಗಿಸಿ ಕುಳಿತಿದ್ದನು. ಏಕೆಂದು ಕೇಳಿದರೆ, “ಬೇಜಾರು, ಸಾರ್” ಎಂದನು. ನನ್ನ ಪಾಠವೇ ಬೇಸರ ತಂದಿತೆಂದು ಬಗೆದು, ರೇಗಿ, ಅವನನ್ನು ಹೊರಗೆ ನಿಲ್ಲಿಸಿದೆನು. ಹಿಂದಿನ ರಾತ್ರಿ ಅವರ ಮನೆಯ ಎತ್ತು ಸತ್ತಿತ್ತೆಂಬುದು ಸಂಜೆ ತಿಳಿಯಿತು. ಆಡುಮಾತಿನಲ್ಲಿ ದುಃಖಕ್ಕೂ ಬೇಜಾರೇ, ಹೊತ್ತು ಹೋಗದಿದ್ದರೂ ಬೇಜಾರೇ.

ಬೇಸರ, ಬೇಜಾರು ಇವೆರಡೂ ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸಿದರೂ ಹುಟ್ಟಿದ ಮನೆಗಳು ಬೇರೆ. ಬೇಸರವು ದ್ರಾವಿಡ ಶಬ್ದ. ದಣಿ, ರೋಸು ಎಂಬ ಅರ್ಥದ ಬೇಸರ್ ಧಾತು ಹಳಗನ್ನಡದಲ್ಲಿದೆ. ತೆಲುಗಿನ ‘ವೇಸರು’ ಇದರ ಒಡಹುಟ್ಟು. ಬೇರು-ವೇರು, ಬೆಲೆ-ವೆಲ, ಬಿಲ್ಲು-ವಿಲ್ಲು ಎಂಬ ಜೋಡಿಗಳನ್ನು ಕಪ್ಪುಹಲಗೆಯ ಮೇಲೆ ಬರೆದರೆ ಈ ಬಕಾರ ವಕಾರಗಳ ಸಂಬಂಧವನ್ನು ನಮ್ಮ ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಬೇಜಾರಾದರೋ ಪಾರಸಿಯ ‘ಬೇಜಾರ್’. ಹಿಂದೂಸ್ತಾನಿಯ ದಾರಿಯಾಗಿ ಬಂದುದು. ಬೇಸರವೇ ಕೆಟ್ಟು ಬೇಜಾರಾಯಿತೆಂದು ಕೆಂಪು ಗೆರೆ ಎಳೆಯುವವರು ಇದನ್ನು ನೆನೆಯಬೇಕು. ನಾನೂ ಎಳೆದವನೇ.

‘ರೇಗು’ ಎರಡು ಭಾಷೆಗಳಲ್ಲಿಯೂ ಉಂಟು. ತೆಲುಗಿನಲ್ಲಿ ದುಮ್ಮು ರೇಗುತ್ತದೆ, ಜುಟ್ಟು ರೇಗುತ್ತದೆ. ಏಳು, ಕೆದರು ಎಂಬುದು ಅಲ್ಲಿಯ ಅರ್ಥ. ಕನ್ನಡದಲ್ಲಿ ಸಾಮಾನ್ಯವಾಗಿ ಮನುಷ್ಯನೇ ರೇಗಬೇಕು. “ಕೂದಲು ರೇಗಿದೆ” ಎಂದು ಬರೆದ ಮಗುವನ್ನು ನೋಡಿ ತರಗತಿ ನಕ್ಕರೆ ಉಪಾಧ್ಯಾಯರು ನಗಲಾಗದು.

ಪ್ರಯೋಗದಲ್ಲಿ ವಿಭಕ್ತಿಯನ್ನು ಗಮನಿಸಬೇಕು. ‘ನನಗೆ’ ಬೇಸರವಾಗುತ್ತದೆ, ರೇಗುವವನು ‘ನಾನು’. ಮೊದಲನೆಯದು ತಾನಾಗಿ ಬಂದುದು, ಎರಡನೆಯದಕ್ಕೆ ನಾನೇ ಕರ್ತೃ. ಕಿರಿಕಿರಿಯು ಕಣ್ಣಿಗೆ ಬಿದ್ದ ಧೂಳಿನಂತೆ ಹೊರಗಿನ ಕಾಟ. ಸಿಡುಕು ಬಹುಮಟ್ಟಿಗೆ ಸ್ವಭಾವ. ‘ಸಿಡಿ’ ಎಂಬುದು ಅದರಲ್ಲಿ ಕೇಳಿಸುತ್ತದೆ. ಮುನಿಸಿನ ರೀತಿಯೇ ಬೇರೆ. ಅಂಗಡಿಯವನು ತೂಕದಲ್ಲಿ ಮೋಸಮಾಡಿದರೆ ಸಿಟ್ಟು ಬರುತ್ತದೆಯೇ ಹೊರತು ಮುನಿಸು ಬರುವುದಿಲ್ಲ. ಬೇಕಾದವರ ಮೇಲೆ ಮಾತ್ರ ಮುನಿಯುವುದು. ತೆಲುಗಿನ ‘ಅಲುಕ’ ಇದಕ್ಕೆ ಹತ್ತಿರ.

ಮರುದಿನ ಆ ಹುಡುಗನನ್ನು ಕರೆದು, “ನನ್ನ ಮೇಲೆ ಸಿಟ್ಟೇನಪ್ಪಾ?” ಎಂದೆನು. “ಇಲ್ಲ ಸಾರ್” ಎಂದನು. ಆದರೆ ಯಾವಾಗಲೂ ಮುಂದಿನ ಬೆಂಚಿನಲ್ಲಿರುತ್ತಿದ್ದವನು ನಾಲ್ಕು ದಿನ ಹಿಂದೆಯೇ ಕುಳಿತನು. ಅದು ಮುನಿಸು.