ಹಂತ ಎಷ್ಟು? ದರ್ಜೆ ಎಷ್ಟು?

ಶಿವಮೊಗ್ಗದಿಂದ ಸವಳಂಗ ರಸ್ತೆ ಹಿಡಿದು ಹೊರಟರೆ ನವುಲೆ ದಾಟಿದ ಮೇಲೆ ಹಳ್ಳಿಗಳು, ಅಡಿಕೆ ತೋಟಗಳು ಸಿಗುತ್ತವೆ. ಕೊಯ್ಲಿನ ಕಾಲದಲ್ಲಿ ನಾವು ಹೆಂಗಸರು ಸಾಲಾಗಿ ಕೂತು ಅಡಿಕೆ ಸುಲಿಯುತ್ತೇವೆ. ಬಾಯಲ್ಲಿ ಎಲೆ ಅಡಿಕೆ, ಜೊತೆಗೆ ಚೂರು ಹೊಗೆಸೊಪ್ಪು.

ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಬರಬಹುದು. ಬರೀ ಅಡಿಕೆ ಜಗಿದರೂ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು 2004ರಲ್ಲೇ ಇದನ್ನು ತಿಳಿಸಿದ್ದಾರೆ.

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದೆಯೇ? ಎರಡು ವಾರವಾದರೂ ಹುಣ್ಣು ಮಾಯಲಿಲ್ಲವೇ? ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲವೇ? "ನೋವಿಲ್ಲ, ತಾನೇ ಹೋಗುತ್ತೆ ಬಿಡು" ಅಂತ ಕೂರಬಾರದು. ಮೊದಮೊದಲು ನೋವೇ ಇರುವುದಿಲ್ಲ.

ಡಾಕ್ಟರು ಹುಣ್ಣಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. ಚೂರು ತೆಗೆದರೆ ರೋಗ ಹರಡುತ್ತದೆ ಅನ್ನುವುದು ಸುಳ್ಳು.

ಕ್ಯಾನ್ಸರ್ ಅಂತ ಗೊತ್ತಾದರೆ ಎರಡು ಮಾತು ಕೇಳುತ್ತೇವೆ. ಹಂತ ಮತ್ತು ದರ್ಜೆ. ಹೊಲದ ಕಳೆಯನ್ನು ನೆನೆಸಿಕೊಳ್ಳಿ. ಕಳೆ ಎಷ್ಟು ಹಬ್ಬಿದೆ? ಅದು ಹಂತ. ಅದು ಎಷ್ಟು ಬೇಗ ಬೆಳೆಯುವ ಜಾತಿ? ಅದು ದರ್ಜೆ. ಒಂದನೇ ದರ್ಜೆಯದು ಸಾಮಾನ್ಯವಾಗಿ ನಿಧಾನ. ಮೂರನೇ ದರ್ಜೆಯದು ಜೋರು. ಮೂರನೇ ದರ್ಜೆ ಅಂದರೆ ಮೂರನೇ ಹಂತ ಅಲ್ಲ.

ಬಾಯಿ ಕ್ಯಾನ್ಸರಿನ ಹಂತಗಳು ನಾಲ್ಕು:

ಒಂದನೇ ಹಂತ: ಗಡ್ಡೆ 2 ಸೆಂಟಿಮೀಟರ್ ಒಳಗಿದೆ. ಆಳಕ್ಕೆ ಇಳಿದಿಲ್ಲ.

ಎರಡನೇ ಹಂತ: ಗಡ್ಡೆ ಬೆಳೆದಿದೆ. ಆದರೆ 4 ಸೆಂಟಿಮೀಟರ್ ದಾಟಿಲ್ಲ. ಕತ್ತಿನ ಗಂಟಿಗೆ ಹೋಗಿಲ್ಲ.

ಮೂರನೇ ಹಂತ: ಗಡ್ಡೆ ಇನ್ನೂ ದೊಡ್ಡದು. ಅಥವಾ ಕತ್ತಿನ ಒಂದು ಗಂಟಿಗೆ ಬಂದಿದೆ.

ನಾಲ್ಕನೇ ಹಂತ: ದವಡೆ ಮೂಳೆಗೆ, ಕೆನ್ನೆಯ ಚರ್ಮಕ್ಕೆ, ಕತ್ತಿನ ಹಲವು ಗಂಟಿಗೆ ಅಥವಾ ದೂರದ ಅಂಗಕ್ಕೆ ಹರಡಿದೆ.

ಮೊದಲ ಎರಡು ಹಂತದಲ್ಲಿ ಬಹಳ ಸಲ ಆಪರೇಷನ್ ಒಂದೇ ಸಾಕಾಗುತ್ತದೆ. ಆಮೇಲಿನ ಹಂತಗಳಲ್ಲಿ ಆಪರೇಷನ್ ಜೊತೆಗೆ ವಿಕಿರಣ ಚಿಕಿತ್ಸೆ ಬೇಕಾಗುತ್ತದೆ. ಕೆಲವರಿಗೆ ಕೀಮೋ ಔಷಧಿಯೂ ಬೇಕು. ನಾಲ್ಕನೇ ಹಂತ ಅಂದ ಕೂಡಲೇ ಆಸೆ ಬಿಡಬಾರದು. ಅದರಲ್ಲೂ ಗುಣವಾಗುವವರಿದ್ದಾರೆ. ಗುಣವಾಗದಿದ್ದರೂ ನೋವು ಕಡಿಮೆ ಮಾಡಲು ಔಷಧಿ ಇದೆ.

ಖರ್ಚಿನ ಹೆದರಿಕೆಯೇ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಮೊದಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಬಹುದು. ಕ್ಯಾನ್ಸರಿಗೆಂದೇ ಇರುವ ಕಿದ್ವಾಯಿ ಆಸ್ಪತ್ರೆ ಬೆಂಗಳೂರಿನಲ್ಲಿದೆ.

ಅಕ್ಕ ತಂಗಿಯರೇ, ಈಗ ನಮಗೆ ಓದಲು ಬರುತ್ತದೆ. ಚೀಟಿ ಇಂಗ್ಲಿಷಿನಲ್ಲಿದ್ದರೆ ಡಾಕ್ಟರ ಹತ್ತಿರ ಕನ್ನಡದಲ್ಲಿ ಬರೆಸಿಕೊಳ್ಳೋಣ. ಹಂತ ಎಷ್ಟು? ದರ್ಜೆ ಎಷ್ಟು? ಚಿಕಿತ್ಸೆ ಯಾವುದು? ಈ ಮೂರನ್ನು ಕೇಳೋಣ. ಇವತ್ತೇ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳೋಣ.